ಮಾಗಡಿ ಬಸ್ಸಿನ ಜೋಡಿ ದೀಪ

ಬಸ್ಸಿನ ಮುಂದಿನ ಎರಡು ದೀಪಗಳೂ ಮತ್ತೆ ಸುಟ್ಟುಹೋದ ಸಂಜೆ ಗವಿಸಿದ್ದಯ್ಯ ಯಾರನ್ನೂ ಬೈಯಲಿಲ್ಲ. ಮೊದಲಾಗಿದ್ದರೆ ಬಲ್ಬು ಮಾಡಿದವನನ್ನು, ರಸ್ತೆ ಮಾಡಿದವನನ್ನು, ರಸ್ತೆ ಮಾಡುತ್ತೇನೆಂದು ಹೇಳಿ ಮಾಡದೇ ಹೋದವನನ್ನು ಎಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಜಾಲಾಡಿಬಿಡುತ್ತಿದ್ದ. ಈಗ ಸುಮ್ಮನೆ ಕೆಳಗಿಳಿದ. ದೀಪದ ಗಾಜು ಬಿಚ್ಚಿ, ಸುಟ್ಟ ಬಲ್ಬುಗಳನ್ನು ತೆಗೆದು, ಬಟ್ಟೆಚೂರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಹೆಂಡತಿ ತೀರಿಕೊಂಡ ಮೇಲೆ ಅವನು ಸುಟ್ಟ ಬಲ್ಬುಗಳನ್ನು ಎಸೆಯುವುದನ್ನೇ ಬಿಟ್ಟಿದ್ದ.

"ಮತ್ತೆ ಹೋಯ್ತಾ?" ಎಂದು ಬಸ್ಸಿನ ಒಳಗಿನಿಂದ ಯಾರೋ ಕೇಳಿದರು.

"ಹೋಯ್ತು. ಒಸಿ ಲಾಟೀನು ಹಚ್ಚಿ ಕೊಡಿ," ಎಂದ.

ಆಗ ಮಹಾರಾಜರ ಕಾಲ. ಮಾಗಡಿಯ ಮಂಡಿ ವೃಷಭೇಂದ್ರಪ್ಪನವರು ಇದ್ದ ಎತ್ತಿನ ಗಾಡಿಗಳನ್ನೆಲ್ಲ ಮಾರಿ ಒಂದು ಮೋಟಾರು ಬಸ್ಸು ತಂದಿದ್ದರು. ಅದು ಬೆಳಿಗ್ಗೆ ಮಾಗಡಿ ಬಿಟ್ಟು, ಈಗ ನಾವು ರಾಮನಗರ ಎನ್ನುವ ಆಗಿನ ಕ್ಲೋಸ್‌ಪೇಟೆಗೆ ಬಂದು, ಕೆಂಗಲ್ ದಾಟಿ ಚನ್ನಪಟ್ಟಣ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ಹತ್ತಿದ ಜನಕ್ಕೆ ಜಾಗ ಇರುತ್ತಿತ್ತೋ ಇಲ್ಲವೋ, ಅವರ ಕೋಳಿ, ಕುಂಬಳಕಾಯಿ, ರೇಷ್ಮೆಗೂಡಿನ ಚೀಲಗಳಿಗೆ ಮಾತ್ರ ಖಂಡಿತ ಇರುತ್ತಿತ್ತು. ಆ ಬಸ್ಸಿಗೆ ಗವಿಸಿದ್ದಯ್ಯ ಡ್ರೈವರು. ಕೆಟ್ಟರೆ ರಿಪೇರಿ ಮಾಡುವವನೂ ಅವನೇ.

ವೃಷಭೇಂದ್ರಪ್ಪನವರಿಗೆ ಮೋಟಾರಿನ ವಿಷಯದಲ್ಲಿ ಗೊತ್ತಿದ್ದದ್ದು ಅದು ಪೆಟ್ರೋಲು ಕುಡಿಯುತ್ತದೆ, ಪೆಟ್ರೋಲು ದುಬಾರಿ ಎನ್ನುವುದಷ್ಟೇ. ಬಲ್ಬುಗಳು ಮೇಲಿಂದ ಮೇಲೆ ಸುಟ್ಟಾಗ ಅವರು, "ದೃಷ್ಟಿ ಕಣಯ್ಯ. ನಮ್ ಗಾಡಿ ಮ್ಯಾಲೆ ಜನದ ಕಣ್ಣು ಬಿದ್ದೈತೆ," ಎಂದು ಬಸ್ಸಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಸಾಲದೆಂದು ಕೆಂಗಲ್ ಹನುಮಂತರಾಯನ ಮುಂದೆ ಬಸ್ಸು ನಿಲ್ಲಿಸಿ ಕಾಯಿ ಒಡೆಸಿದರು. ಅವತ್ತು ಹಾಕಿದ ಹೊಸ ಬಲ್ಬುಗಳು ಕ್ಲೋಸ್‌ಪೇಟೆ ಮುಟ್ಟುವುದರೊಳಗೆ ಸುಟ್ಟವು. ದೇವರಿಗೂ ಮೋಟಾರಿನ ಅಭ್ಯಾಸ ಇಲ್ಲವೇನೋ ಎಂದು ಪ್ರಯಾಣಿಕರು ನಕ್ಕರು. ಗವಿಸಿದ್ದಯ್ಯನಿಗೆ ನಗು ಬರಲಿಲ್ಲ. ಬಲ್ಬು ಯಾಕೆ ಸುಡುತ್ತದೆ ಎನ್ನುವುದು ಉಳಿದವರಿಗೆ ಒಂದು ಕಿರಿಕಿರಿ, ಅವನಿಗೆ ಅದು ಹೆತ್ತ ಮಗಳನ್ನು ಎತ್ತಿಕೊಳ್ಳುವ, ಎತ್ತಿಕೊಳ್ಳದಿರುವ ಪ್ರಶ್ನೆ.

ಅವನ ಹೆಂಡತಿ ಮೀನಾಕ್ಷಮ್ಮ ಚೊಚ್ಚಲ ಹೆರಿಗೆಗೆಂದು ತಿಪ್ಪಸಂದ್ರದ ತವರುಮನೆಯಲ್ಲಿದ್ದಳು. ತವರು ಎಂದರೆ ಅಲ್ಲಿ ಇದ್ದದ್ದು ತಾಯಿ ಬಸಮ್ಮ ಒಬ್ಬರೇ. ಗಂಡ ಸತ್ತ ಮೇಲೆ ಎರಡು ಎಮ್ಮೆ, ಒಂದು ತುಂಡು ರಾಗಿ ಹೊಲ ಇಟ್ಟುಕೊಂಡು ಇದ್ದೊಬ್ಬ ಮಗಳನ್ನು ಬೆಳೆಸಿದ ಹೆಂಗಸು. ಕಾರ್ತಿಕದ ಒಂದು ಸಂಜೆ ಗವಿಸಿದ್ದಯ್ಯ ಹೆಂಡತಿಯನ್ನು ನೋಡಿ ಬರೋಣವೆಂದು ಖಾಲಿ ಬಸ್ಸು ಹೊಡೆದುಕೊಂಡು ಹೋದಾಗ ಅವಳಿಗೆ ಬೆಳಗಿನಿಂದ ನೋವು ಬರುತ್ತಿತ್ತು. ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳು. ಹೆಂಗಸರ ಡಾಕ್ಟರು ಇದ್ದದ್ದು ಕ್ಲೋಸ್‌ಪೇಟೆಯಲ್ಲಿ. ಬಸ್ಸಿನ ಸೀಟಿನ ಮೇಲೆ ಹಾಸಿಗೆ ಹಾಸಿ ಮಲಗಿಸಿದರು. ಬಸಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಪಕ್ಕದ ಮನೆಯ ದೊಡ್ಡಹನುಮಯ್ಯ ಲಾಟೀನು ಹಿಡಿದು ಜೊತೆಗೆ ಹತ್ತಿದ.

ಮಾಗಡಿ ದಾಟಿ, ಬಂಡೆಗಳ ನಡುವಿನ ಇಳಿಜಾರಿಗೆ ಬಂದಾಗ ಪೂರ್ತಿ ಕತ್ತಲಾಗಿತ್ತು. ಗವಿಸಿದ್ದಯ್ಯ ಜೋರಾಗಿ ಹೊಡೆಯುತ್ತಿದ್ದ. ಇದ್ದಕ್ಕಿದ್ದಂತೆ ರಸ್ತೆಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು.

"ಎಷ್ಟ್ ಬೆಳಕು ನೋಡಿ," ಎಂದಳು ಮೀನಾಕ್ಷಮ್ಮ.

ಮರುಕ್ಷಣ ಎರಡು ದೀಪಗಳೂ ಆರಿದವು. ಅವನ ಹತ್ತಿರ ಬೇರೆ ಬಲ್ಬು ಇರಲಿಲ್ಲ, ಇದ್ದದ್ದು ಹಿಂದಿನ ವಾರವೇ ಸುಟ್ಟಿತ್ತು. ದೊಡ್ಡಹನುಮಯ್ಯ ಲಾಟೀನು ಹಿಡಿದು ಮುಂದೆ ನಡೆದ, ಅವನ ಹಿಂದೆ ಬಸ್ಸು ಎತ್ತಿನ ಗಾಡಿಗಿಂತ ನಿಧಾನವಾಗಿ ತೆವಳಿತು. ಆ ದಾರಿಯಲ್ಲೇ ಹೆಣ್ಣುಮಗು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಕ್ಲೋಸ್‌ಪೇಟೆಯಲ್ಲಿ ಡಾಕ್ಟರಮ್ಮ ಬಂದು ನೋಡಿ, ಒಸಿ ಮುಂಚೆ ಬಂದಿದ್ದರೆ ಎಂದು ಅರ್ಧ ಹೇಳಿ ಮೀನಾಕ್ಷಮ್ಮನ ಮುಖಕ್ಕೆ ಸೆರಗು ಮುಚ್ಚಿದರು.

ಮಣ್ಣು ಮಾಡಿ ಬಂದ ದಿನ ಬಸಮ್ಮ ಅಳಲಿಲ್ಲ. ಅಲ್ಲಿಯವರೆಗೆ ಅಳಿಯನನ್ನು ಬನ್ನಿ, ಕೂತ್ಕಳಿ ಎಂದು ಮಾತಾಡಿಸುತ್ತಿದ್ದವರು ಅವತ್ತು ಏಕವಚನಕ್ಕೆ ಇಳಿದರು.

"ದೀಪ ಯಾಕಾರೋಯ್ತು? ಒಂದಾದ್ರೆ ಒಂದು, ಎರಡೂ ಒಂದೇ ಸಲಕ್ಕೆ ಹೆಂಗಾರೋದೋ? ಅದನ್ನ ನಂಗೇಳು. ಹೇಳಿದ್ಮ್ಯಾಲೆ ಮೊಗೀನ ಮುಟ್ಟು," ಎಂದರು.

ಅವನಿಗೆ ಉತ್ತರ ಗೊತ್ತಿರಲಿಲ್ಲ. ಎರಡು ಸಲ ಹೋದ, ಎರಡು ಸಲವೂ ಬಾಗಿಲಲ್ಲೇ ಅದೇ ಪ್ರಶ್ನೆ ಎದುರಾಯಿತು. ಹೆಸರಿಡುವ ಶಾಸ್ತ್ರಕ್ಕೂ ಅವನನ್ನು ಕರೆಯಲಿಲ್ಲ. ಮಗುವಿಗೆ ಚನ್ನಾಜಿ ಎಂದು ಹೆಸರಿಟ್ಟಿದ್ದಾರೆ ಎನ್ನುವುದನ್ನು ಅವನು ಬಸ್ಸು ಹತ್ತಿದ ಬಳೆಗಾರನೊಬ್ಬನ ಬಾಯಿಂದ ಕೇಳಬೇಕಾಯಿತು. ಅವತ್ತು ಚನ್ನಪಟ್ಟಣದವರೆಗೂ ಆ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ಬಸ್ಸು ಹೊಡೆದ.

ಪಂಚಾಯ್ತಿ ಸೇರಿಸಿ ಮಗುವನ್ನು ತರಬಹುದಾಗಿತ್ತು. ಹೆತ್ತ ತಂದೆಗೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಅತ್ತೆಯ ಪ್ರಶ್ನೆ ಅವನದೂ ಆಗಿತ್ತು. ನನ್ನ ಯಾವ ತಪ್ಪಿಗೆ ಅವಳು ಸತ್ತಳು ಎಂದು ಗೊತ್ತಾಗದೆ ಆ ಕೂಸನ್ನು ಯಾವ ಮುಖ ಇಟ್ಟುಕೊಂಡು ಎತ್ತಿಕೊಳ್ಳುವುದು? ಹೀಗೆ ಯೋಚಿಸುವವರನ್ನು ಊರು ಪೆದ್ದ ಎನ್ನುತ್ತದೆ. ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ.

ಹುಡುಕಾಟ ಶುರುವಾಯಿತು. ಕುಲುಕಾಟಕ್ಕೆ ಬಲ್ಬಿನ ತಂತಿ ತುಂಡಾಗುತ್ತಿರಬೇಕೆಂದು ಹಳೆಯ ಟ್ಯೂಬು ಕತ್ತರಿಸಿ ದೀಪದ ಬುಡಕ್ಕೆ ರಬ್ಬರು ಕೊಟ್ಟ. ಸುಟ್ಟಿತು. ಬಲ್ಬು ಕಳಪೆ ಇರಬೇಕೆಂದು ಬೆಂಗಳೂರು ದಂಡಿನಿಂದ ಬೇರೆ ಕಂಪನಿಯದು ತರಿಸಿದ. ಅದೂ ಸುಟ್ಟಿತು. ದೀಪದಿಂದ ಸ್ವಿಚ್ಚಿನವರೆಗೆ ವೈರು ಬದಲಾಯಿಸಿದ, ಒಳಗೆ ನೀರು ಹೋಗದಂತೆ ಮೇಣ ಮೆತ್ತಿದ, ಕೈಬೆವರು ತಾಗಬಾರದೆಂದು ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಹಾಕಿದ. ಕೆಲವು ದಿನ ಚೆನ್ನಾಗಿ ಉರಿಯುವುದು, ಇನ್ನೇನು ಸರಿಹೋಯಿತು ಎಂದು ಅವನ ಎದೆ ಹಗುರಾಗುವುದು, ಆಮೇಲೆ ಎಲ್ಲೋ ಒಂದು ಹಳ್ಳ ಹಾರಿದಾಗ ಎರಡೂ ಬೆಳ್ಳಗೆ ಉರಿದು ಹೋಗುವುದು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವನು ಕ್ಲೋಸ್‌ಪೇಟೆಯ ಫಕ್ರುದ್ದೀನನ ಕೊಟ್ಟಿಗೆಯ ಮುಂದೆ ಬಸ್ಸು ನಿಲ್ಲಿಸಿದ. ಫಕ್ರುದ್ದೀನ್ ಅಲ್ಲಿ ರೇಷ್ಮೆ ರಾಟೆಗಳನ್ನು ರಿಪೇರಿ ಮಾಡುತ್ತಿದ್ದ, ಬರುವ ಹೋಗುವ ಮೋಟಾರುಗಳ ಬ್ಯಾಟರಿಗಳಿಗೆ ಕರೆಂಟು ತುಂಬಿಸುತ್ತಿದ್ದ. ಎಲ್ಲರಿಗೂ ಬುದ್ಧಿ ಹೇಳುವ ಚಟದವನು, ಆದ್ದರಿಂದ ಗವಿಸಿದ್ದಯ್ಯ ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ್ದ. ಈಗ ಜೇಬಿನಿಂದ, ಸೀಟಿನ ಕೆಳಗಿನಿಂದ ಸುಟ್ಟ ಬಲ್ಬುಗಳನ್ನೆಲ್ಲ ತೆಗೆದು ಗೋಣಿತಾಟಿನ ಮೇಲೆ ಸುರಿದ.

"ಯಾ ಅಲ್ಲಾ, ಇದೇನು ಅಂಗಡಿ ಇಡ್ತೀಯೇನಪ್ಪಾ?" ಎಂದ ಫಕ್ರುದ್ದೀನ್. ಆಮೇಲೆ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದ. ನೋಡುತ್ತಾ ನೋಡುತ್ತಾ ಅವನ ತಮಾಷೆ ನಿಂತಿತು. "ಸಿದ್ದಯ್ಯ, ಗಾಜು ನೋಡಿಲ್ಲಿ. ಒಳಗೆ ಮಸಿ ಬಳ್ದಂಗೈತೆ. ಕುಲುಕಾಟಕ್ಕೆ ಸತ್ತಿದ್ರೆ ತಂತಿ ತುಂಡಾಗಿರ್ತಿತ್ತು, ಗಾಜು ತಿಳಿಯಾಗಿರ್ತಿತ್ತು. ಇವು ಕರೆಂಟು ಹೆಚ್ಚಾಗಿ ಸತ್ತಿರೋವು. ಎರಡೂ ಒಟ್ಟಿಗೆ ಹೋಯ್ತವಾ?"

"ಒಟ್ಟಿಗೇ ಹೋಯ್ತವೆ ಸಾಬ್ರೇ. ಹೋಗೋ ಮುಂಚೆ ಬೆಳ್ಳಗೆ ಉರೀತವೆ. ನಮ್ಮತ್ತೆನೂ ಅದನ್ನೇ ಕೇಳಿದ್ರು, ಎರಡೂ ಒಂದೇ ಸಲಕ್ಕೆ ಹೆಂಗೆ ಅಂತ."

"ನಿಮ್ಮತ್ತೆ ಕೇಳಿದ್ದೇ ಸರಿ. ನೀನು ಬಲ್ಬಲ್ಲಿ ಹುಡುಕ್ತಾ ಕೂತಿದ್ದೀಯ, ಕಾಯಿಲೆ ಅಲ್ಲಿಲ್ಲ. ಡೈನಮೋ ಕರೆಂಟು ಹುಟ್ಟಿಸ್ತೈತಲ್ಲ, ಅದನ್ನ ಬ್ಯಾಟರಿ ಕುಡ್ಕೋಬೇಕು. ಬ್ಯಾಟರಿ ಬಾಯಿ ಮುಚ್ಕೊಂಡ್ರೆ? ಕಾಲುವೆಗೆ ಅಡ್ಡ ಕಟ್ಟಿದ್ರೆ ನೀರು ಪಕ್ಕದ ಗದ್ದೆಗೆ ನುಗ್ತೈತಲ್ಲ, ಹಂಗೆ ಅಷ್ಟೂ ಆ ಎರಡು ಬಡಪಾಯಿ ಬಲ್ಬಿನ ಮ್ಯಾಲೆ ಬೀಳ್ತೈತೆ. ಗಾಡಿ ಜೋರಾಗಿ ಓಡ್ದಷ್ಟೂ ಹೆಚ್ಚು. ಬ್ಯಾಟರಿ ತೆಗಿ ನೋಡೋಣ."

ಗವಿಸಿದ್ದಯ್ಯ ಸೀಟು ಎತ್ತಿ, ಕೆಳಗಿನ ಹಲಗೆ ಸರಿಸಿದ. ಫಕ್ರುದ್ದೀನ್ ಬಗ್ಗಿ ಕೈ ಹಾಕಿದವನು ಹಾಗೇ ಹಿಂದಕ್ಕೆ ಎಳೆದುಕೊಂಡ. ಬ್ಯಾಟರಿಯ ಒಂದು ಸೀಸದ ಮೊಳೆಗೆ ಅರಿಶಿನ ಹಚ್ಚಿದ ದಪ್ಪ ದಾರ ಸುತ್ತಿತ್ತು, ದಾರದಲ್ಲಿ ಸುರುಳಿ ಸುತ್ತಿದ ತಾಮ್ರದ ತಗಡು. ಅದರ ಮೇಲೆಯೇ ವೈರಿನ ಹಿಡಿಕೆಯನ್ನು ಕೂರಿಸಿ ಬಿಗಿದಿತ್ತು. ಬ್ಯಾಟರಿಯ ಆಸಿಡ್ಡಿಗೆ ದಾರ, ಅರಿಶಿನ, ಎಣ್ಣೆ ಎಲ್ಲ ಬೆಂದು ಹಸಿರು ಹಕ್ಕಳೆ ಕಟ್ಟಿತ್ತು.

"ಇದು ನಿಮ್ಮ ದೇವರದು. ನಾನು ಮುಟ್ಟಾಕಿಲ್ಲ, ನೀನೇ ಬಿಚ್ಚು," ಎಂದ ಫಕ್ರುದ್ದೀನ್.

ಆ ಅಂತ್ರ, ಮಂತ್ರಿಸಿದ ತಾಯಿತ, ಅಲ್ಲಿದೆ ಎನ್ನುವುದು ಗವಿಸಿದ್ದಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಏಳನೇ ತಿಂಗಳಲ್ಲಿ ಮೀನಾಕ್ಷಮ್ಮನನ್ನು ತವರಿಗೆ ಕರೆದೊಯ್ಯಲು ಬಸಮ್ಮ ಮಾಗಡಿಗೆ ಬಂದಿದ್ದರು. ಮೋಟಾರು ಎಂದರೆ ಅವರಿಗೆ ಹುಲಿ ಕಂಡಷ್ಟು ಭಯ. ಬಸುರಿ ಮಗಳು ಇದರಲ್ಲಿ ಕೂರುವ ಮೊದಲು ಗಾಡಿಗೆ ಕಟ್ಟಬೇಕೆಂದು ಗವಿಮಠದ ಅಯ್ಯನವರ ಹತ್ತಿರ ಅಂತ್ರ ಮಾಡಿಸಿ ತಂದಿದ್ದರು. "ಅಳಿಯಂದ್ರೇ, ಇದನ್ನ ಜೀವ ಇರೋ ಜಾಗಕ್ಕೆ ಕಟ್ಬೇಕಂತೆ. ಈ ಗಾಡೀಗೆ ಜೀವ ಎಲ್ಲೈತೆ?" ಎಂದು ಕೇಳಿದರು. ಗವಿಸಿದ್ದಯ್ಯನಿಗೆ ಹುಡುಗಾಟ. ಹೆಂಡತಿಯ ಕಡೆ ಕಣ್ಣು ಹೊಡೆದು, ಹಲಗೆ ಸರಿಸಿ, ಬ್ಯಾಟರಿ ತೋರಿಸಿ, "ಇಲ್ಲೈತೆ ನೋಡಿ ಅತ್ತೆ, ಗಾಡಿ ಜೀವ," ಎಂದಿದ್ದ. ಹಿಡಿಕೆಯನ್ನು ಅವನೇ ಸಡಿಲಿಸಿ ಕೊಟ್ಟ. ಅವರು ಕಣ್ಣು ಮುಚ್ಚಿ ಮಂತ್ರದ ಹಾಗೆ ಏನೋ ಹೇಳಿಕೊಳ್ಳುತ್ತಾ ಸುತ್ತಿ ಗಂಟು ಹಾಕಿದರು. ಮೇಲೆ ಅವನೇ ಬಿಗಿದ. ಮೀನಾಕ್ಷಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ನಿಂತಿದ್ದಳು. ಆಮೇಲೆ ಬ್ಯಾಟರಿಗೆ ನೀರು ಹಾಕುವಾಗಲೆಲ್ಲ ದೇವರ ದಾರಕ್ಕೆ ಕೈ ತಾಗಬಾರದೆಂದು ಅವನು ಜೋಪಾನ ಮಾಡಿದ್ದೇ ಮಾಡಿದ್ದು.

ಬಲ್ಬು ಸುಡಲು ಶುರುವಾದದ್ದು ಅದಾದ ಮೇಲೆ. ಅವನು ಎರಡನ್ನೂ ಸೇರಿಸಿ ನೋಡಿರಲೇ ಇಲ್ಲ. ಕಾಪಾಡಲು ಕಟ್ಟಿದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ?

"ಇನ್ನೂ ಬಿಚ್ಚಬ್ಯಾಡ. ಮೊದಲು ಖಾತ್ರಿ ಮಾಡ್ಕೋ," ಎಂದ ಫಕ್ರುದ್ದೀನ್. ಗವಿಸಿದ್ದಯ್ಯ ಹೊಸ ಬಲ್ಬು ಹಾಕಿ, ಹ್ಯಾಂಡಲು ತಿರುಗಿಸಿ ಎಂಜಿನು ಜೋರು ಮಾಡಿದ. ಫಕ್ರುದ್ದೀನ್ ಒಂದು ಕೋಲಿನಿಂದ ಹಿಡಿಕೆಯನ್ನು ಮೆಲ್ಲಗೆ ಅಲುಗಿಸಿದ. ಹಗಲು ಬಿಸಿಲಿನಲ್ಲೂ ಎರಡು ದೀಪಗಳು ಕಣ್ಣು ಕುಕ್ಕುವಂತೆ ಬೆಳ್ಳಗೆ ಹೊತ್ತಿ ಆರಿದವು. ಅದೇ ಬೆಳಕು. ಗವಿಸಿದ್ದಯ್ಯ ಎಂಜಿನು ನಿಲ್ಲಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸ್ವಲ್ಪ ಹೊತ್ತಾದ ಮೇಲೆ ಕೈ ತೊಳೆದು ಬಂದು ದಾರ ಬಿಚ್ಚಿದ. ಬಿಚ್ಚುವುದೇನು, ಮುಟ್ಟಿದರೆ ಪುಡಿಯಾಗುತ್ತಿತ್ತು. ತಾಮ್ರದ ಸುರುಳಿಯನ್ನು ತೊಳೆದು ಒರೆಸಿದ. ಮೊಳೆಯನ್ನು ಉಜ್ಜಿ, ಹಿಡಿಕೆ ಬಿಗಿದು, ಮತ್ತೆ ಹೊಸ ಬಲ್ಬು ಹಾಕಿ ನೋಡಿದರು. ಎಷ್ಟು ಅಲುಗಿಸಿದರೂ, ಎಷ್ಟು ಜೋರು ಮಾಡಿದರೂ ಬೆಳಕು ಒಂದೇ ಸಮ ನಿಂತಿತು.

"ಯಾರು ಕಟ್ಟಿದ್ದು?" ಎಂದು ಕೇಳಿದ ಫಕ್ರುದ್ದೀನ್.

"ನಮ್ಮತ್ತೆ."

ಫಕ್ರುದ್ದೀನ್ ಗಡ್ಡ ನೀವಿಕೊಂಡ. "ನಿಜ ಹೇಳ್ಬುಡು. ಆಯಮ್ಮಂಗೆ ಸಂಕಟ ಆಯ್ತದೆ, ಆಗ್ಲಿ. ಇಷ್ಟು ದಿನ ನಿಂಗೆ ಆಗಿಲ್ವಾ? ನಿನ್ ಮಗಳು ನಿಂಗೆ ಬ್ಯಾಡ್ವಾ?" ಎಂದ.

"ಬೇಕು ಸಾಬ್ರೇ," ಎಂದ ಗವಿಸಿದ್ದಯ್ಯ.

ಮಾರನೆಯ ದಿನ ವೃಷಭೇಂದ್ರಪ್ಪನವರ ಹತ್ತಿರ ರಜೆ ಕೇಳಿಕೊಂಡು ತಿಪ್ಪಸಂದ್ರಕ್ಕೆ ನಡೆದು ಹೊರಟ. ಜೇಬಿನಲ್ಲಿ ತಾಮ್ರದ ಸುರುಳಿ ಇತ್ತು. ದಾರಿಯುದ್ದಕ್ಕೂ ಅವನಿಗೆ ಬಂದದ್ದು ದುಃಖವಲ್ಲ, ಸಿಟ್ಟು. ಕಾರ್ತಿಕದಿಂದ ಈ ಮುದುಕಿ ತನ್ನನ್ನು ಕೊಲೆಗಾರನ ಹಾಗೆ ಬಾಗಿಲಲ್ಲಿ ನಿಲ್ಲಿಸಿದ್ದಾಳೆ. ಮಗುವಿನ ಹೆಸರನ್ನು ಬಳೆಗಾರನಿಂದ ಕೇಳುವ ಹಾಗೆ ಮಾಡಿದ್ದಾಳೆ. ಹೋಗುತ್ತಲೇ ಸುರುಳಿಯನ್ನು ಅವಳ ಮಡಿಲಿಗೆ ಎಸೆದು, ತಗೋ, ದೀಪ ಆರಿಸಿದ್ದು ಇದು, ಕಟ್ಟಿದ್ದು ನೀನು, ಈಗ ನನ್ನ ಮಗಳನ್ನು ಕೊಡು ಎನ್ನಬೇಕು. ಆ ಮಾತನ್ನು ಅವನು ಎಷ್ಟು ಸಲ ಹೇಳಿಕೊಂಡನೋ, ಪ್ರತಿ ಸಲವೂ ಇನ್ನಷ್ಟು ಚೂಪಾಯಿತು. ಜಾಗ ತೋರಿಸಿದವನು ತಾನೇ ಎನ್ನುವುದು ನಡುವೆ ನೆನಪಾದಾಗ ಹೆಜ್ಜೆ ಜೋರು ಮಾಡಿದ.

ಬಸಮ್ಮ ಹಿತ್ತಲಿನ ಬಚ್ಚಲುಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಹಬೆಯ ನಡುವೆ ಗವಿಸಿದ್ದಯ್ಯ ಮಗಳನ್ನು ಮೊದಲ ಸಲ ಪೂರ್ತಿಯಾಗಿ ನೋಡಿದ. ಮೂಗು ಮೀನಾಕ್ಷಮ್ಮನದು. ಕಾಲಿನ ಹೆಬ್ಬೆರಳು ಮಾತ್ರ ತನ್ನ ಹಾಗೇ ಸೊಟ್ಟ. ಅದನ್ನು ಕಂಡು ಅವನಿಗೆ ಹೇಳಿಕೊಂಡು ಬಂದ ಮಾತಿನ ಅರ್ಧ ಮರೆತುಹೋಯಿತು.

"ಅತ್ತೆ, ದೀಪ ಯಾಕಾರೋಯ್ತು ಅಂತ ಗೊತ್ತಾಯ್ತು," ಎಂದ.

ಬಸಮ್ಮನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಅವರು ತಿರುಗಿ ನೋಡಿದಾಗ ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೆದರಿಕೆ ಇತ್ತು. ಇಷ್ಟು ದಿನ ಬಾಗಿಲಲ್ಲಿ ಕಂಡದ್ದೂ ಅದೇ ಹೆದರಿಕೆ ಇರಬೇಕು, ಅವನೇ ಸಿಟ್ಟೆಂದುಕೊಂಡಿದ್ದ.

"ಒಂದು ಕೇಳ್ತೀನಿ, ಮೊದಲು ಅದನ್ನ ಹೇಳು," ಎಂದರು. "ನಾ ಕಟ್ಟಿದ್ ಅಂತ್ರ ಏನಾಗೈತೆ?"

ಜೇಬಿನಲ್ಲಿ ಗವಿಸಿದ್ದಯ್ಯನ ಬೆರಳುಗಳು ಸುರುಳಿಯ ಮೇಲೆ ಬಿಗಿಯಾದವು.

"ಕಟ್ಟೋಗಂಟ ಉಪಾಸ ಇರ್ಬೇಕು ಅಂದಿದ್ರು ಅಯ್ನೋರು. ನಾನು ನಡ್ದೂ ನಡ್ದೂ ಸಾಕಾಗಿ ದಾರೀಲಿ ಒಂದು ಚೂರು ರೊಟ್ಟಿ ತಿಂದ್ಬುಟ್ಟೆ. ಯಾರ್ಗೂ ಹೇಳಿಲ್ಲ ಕಣಪ್ಪ. ತಿಂದ ಬಾಯಲ್ಲೇ ಕಟ್ಟಿದೆ. ಮಲಗಿದ್ರೆ ಅದೇ, ಎದ್ರೆ ಅದೇ. ನನ್ ಕೈಯಿಂದ್ಲೇ ಆ ದೀಪ ಆರೋಯ್ತಾ? ನನ್ ಮಗಳ್ನ ನಾನೇ ತಿನ್ಕೊಂಡ್ನಾ?" ಮಗುವಿನ ಮೈ ಮೇಲಿನ ನೀರು ಆರುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ. "ಇದಕ್ಕೆ ಎಣ್ಣೆ ಹಚ್ಚಾಕೂ ಕೈ ನಡುಗ್ತೈತೆ. ಹೇಳು, ಅಂತ್ರ ಐತಾ, ಬಿದ್ದೋಯ್ತಾ?"

ಗವಿಸಿದ್ದಯ್ಯ ಆ ಕೈಗಳನ್ನು ನೋಡಿದ. ಆ ಎರಡು ಕೈಗಳ ನಡುವೆ ಅವನ ಮಗಳಿದ್ದಳು. ಅವನು ಹೌದು ಎಂದರೆ ಆ ಕೈಗಳು ಇನ್ನು ಯಾವ ಮಗುವನ್ನೂ ಮುಟ್ಟುವುದಿಲ್ಲ, ಬಹುಶಃ ಅನ್ನವನ್ನೂ ಮುಟ್ಟುವುದಿಲ್ಲ. ಜೇಬಿನಿಂದ ಅವನ ಕೈ ಬರಿದಾಗಿಯೇ ಹೊರಗೆ ಬಂತು.

"ಅಂತ್ರ ಐತೆ ಅತ್ತೆ. ನೀವು ಕಟ್ದಂಗೇ ಗಟ್ಟಿಯಾಗೈತೆ. ಅದಕ್ಕೂ ದೀಪಕ್ಕೂ ಏನೇನೂ ಇಲ್ಲ. ಒಂದು ಸ್ಕ್ರೂ ಸಡಿಲ ಆಗಿತ್ತು, ಅದನ್ನ ನಾನು ಬಿಗಿ ಮಾಡ್ಬೇಕಾಗಿತ್ತು."

"ನಿಂಗೆ ಗೊತ್ತಿತ್ತಾ, ಸಡಿಲ ಐತೆ ಅಂತ?"

ಗೊತ್ತಿರಲಿಲ್ಲ ಎಂದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಮುದುಕಿಯ ಕಣ್ಣು ಅವನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಗೊತ್ತಿಲ್ಲದೆ ಸಡಿಲವಾದ ಸ್ಕ್ರೂವಿನ ಹಿಂದೆ ಅವರು ಇವತ್ತು ರಾತ್ರಿಯೇ ಮತ್ತೆ ಆ ರೊಟ್ಟಿಯ ಚೂರನ್ನು ತಂದು ನಿಲ್ಲಿಸಿಕೊಳ್ಳುತ್ತಾರೆ ಎನ್ನುವುದು ಅವನಿಗೆ ತಿಳಿಯಿತು.

"ಗೊತ್ತಿತ್ತು," ಎಂದ. "ನಾಳೆ ನೋಡಾನ ಅಂತ ಬುಟ್ಟಿದ್ದೆ."

ಬಸಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನನ್ ಕೈಯಲ್ಲ," ಎಂದರು. ಇನ್ನೊಂದು ಸಲ, "ನನ್ ಕೈಯಲ್ಲ," ಎಂದರು. ಮಗಳನ್ನು ಮಣ್ಣು ಮಾಡಿದ ದಿನ ಅಳದವರು ಈಗ ಬಾಯಿ ಬಿಟ್ಟು ಅತ್ತರು. ಅಳುತ್ತಲೇ ಮಗುವಿನ ಮೈ ಒರೆಸಿ, ಬಟ್ಟೆ ಸುತ್ತಿ, ಎದೆಗೆ ಅವಚಿಕೊಂಡು ಎದ್ದರು.

ಗವಿಸಿದ್ದಯ್ಯ ತನಗೇ ಗೊತ್ತಿಲ್ಲದೆ ಎರಡು ಕೈ ಮುಂದೆ ಚಾಚಿದ್ದ.

"ನಾಳೆ ನೋಡಾನ ಅಂತ ಬುಟ್ಯಾ," ಎಂದರು ಬಸಮ್ಮ, ಅವನ ಕೈಗಳನ್ನು ನೋಡಿ. "ಹೇಳಿದ್ರೆ ಮುಟ್ಟು ಅಂದಿದ್ದೆ, ನಿಜ. ಈಗ ಕೊಡಾಕೆ ನನ್ ಮನಸು ಒಪ್ಪಾಕಿಲ್ಲ ಕಣಪ್ಪ. ಹೊಂಟೋಗು. ಇ‌ನ್ನು ಈ ಬಾಗ್ಲಿಗೆ ಬರಬ್ಯಾಡ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗವಿಸಿದ್ದಯ್ಯ ಹೊರಗೆ ಬಂದು ಜಗಲಿಯ ಹತ್ತಿರ ನಿಂತ. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ದೊಡ್ಡಹನುಮಯ್ಯ ಅವನನ್ನು ಕಂಡು ಹತ್ತಿರ ಬಂದ.

ಒಳಗೆ ಮಗು ಒಂದೇ ಸಮನೆ ಅಳುತ್ತಿತ್ತು. ಆಮೇಲೆ ತೊಟ್ಟಿಲ ಹಗ್ಗ ಕಿರುಗುಟ್ಟಿತು. ಒಡೆದ ಗಂಟಲಿನಲ್ಲಿ, ತಡವರಿಸುತ್ತಾ, ಬಸಮ್ಮ ಜೋಗುಳ ಹಾಡತೊಡಗಿದರು.

"ಅಯ್ಯೋ ಶಿವನೇ, ಹಾಡ್ತಾವ್ಳೆ," ಎಂದ ದೊಡ್ಡಹನುಮಯ್ಯ. "ಮೀನಾಕ್ಷಿ ಹೋದ್ಮ್ಯಾಲೆ ಒಂದಿನ ಬಾಯ್ ಬಿಟ್ಟಿರ್ಲಿಲ್ಲ. ಮೊಗೀನ ಸುಮ್ನೆ ತೂಗೋಳು, ಕಲ್ಲಿನಂಗೆ. ಅದೇನ್ ಹೇಳ್ದೆಲಾ ಸಿದ್ದಯ್ಯ ಅವಳಿಗೆ?"

ಗವಿಸಿದ್ದಯ್ಯ ಮಗುವಿನ ಅಳು ನಿಲ್ಲುವವರೆಗೂ ಅಲ್ಲೇ ನಿಂತು ಕೇಳಿದ. ಅಳು ನಿಂತ ಮೇಲೆ ಮಾಗಡಿಯ ದಾರಿ ಹಿಡಿದ.